ತಂಬಾಕು ಮಾರಾಟದ ಜಾಗ, ದೂರ, ಪರವಾನಗಿ: ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪರೀಕ್ಷಾರ್ಥಿಗಳಿಗೆ ಮುಖ್ಯಾಂಶಗಳು

ಪಿಡಿಒ, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಹೀಗೆ ಯಾವ ಪರೀಕ್ಷೆಗೆ ಓದುವವರೂ ತಂಬಾಕು ನಿಯಂತ್ರಣದ ಕಾಯ್ದೆಯನ್ನು ಮತ್ತೊಮ್ಮೆ ಓದಿಕೊಳ್ಳಬೇಕಾಗಿದೆ. 2025ರ ಮೇ ತಿಂಗಳಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದ ಮೇಲೆ ಹಳೆಯ ಗೈಡುಗಳಲ್ಲಿರುವ ಮೂರು ಉತ್ತರಗಳು ನಮ್ಮ ರಾಜ್ಯದ ಮಟ್ಟಿಗೆ ತಪ್ಪಾಗಿವೆ. ಕೊಳ್ಳುವವರ ವಯಸ್ಸು, ಶಾಲೆಯಿಂದ ಇರಬೇಕಾದ ದೂರ, ದಂಡದ ಮೊತ್ತ ಮೂರೂ ಬದಲಾಗಿವೆ. ಇದರ ಜೊತೆಗೆ ಗೈಡುಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ ವಿಷಯವೊಂದಿದೆ: ಅಂಗಡಿ ಎಲ್ಲಿರಬೇಕು, ಯಾರಿಗೆ ಅನುಮತಿ ಕೊಡಬೇಕು ಎಂದು ನಗರಸಭೆ, ಪುರಸಭೆಗಳು ಪರವಾನಗಿಯ ಮೂಲಕ ನಿರ್ಧರಿಸಬಲ್ಲವು. ಈ ಟಿಪ್ಪಣಿಯಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ನಾಳೆ ಪಿಡಿಒ, ಮುಖ್ಯಾಧಿಕಾರಿ, ಸಬ್‌ಇನ್‌ಸ್ಪೆಕ್ಟರ್ ಆಗಿ ಇದನ್ನು ನಡೆಸಬೇಕಾದವರು ಇಂದು ಓದುತ್ತಿರುವ ನೀವೇ.

ಮೊದಲು ಬಾಯಿಪಾಠ ಆಗಬೇಕಾದ್ದು

• ಕಾಯ್ದೆಯ ಪೂರ್ಣ ಹೆಸರು: ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ (ಜಾಹೀರಾತು ನಿಷೇಧ ಮತ್ತು ವ್ಯಾಪಾರ, ವಾಣಿಜ್ಯ, ಉತ್ಪಾದನೆ, ಸರಬರಾಜು, ವಿತರಣೆಯ ನಿಯಂತ್ರಣ) ಕಾಯ್ದೆ, 2003. ಎಲ್ಲರೂ ಹೇಳುವುದು ಕೋಟ್ಪಾ ಎಂದು. 2003ರ 34ನೇ ಕಾಯ್ದೆ. ಇದಕ್ಕೆ ಮೊದಲು ಇದ್ದದ್ದು 1975ರ ಸಿಗರೇಟು ಕಾಯ್ದೆ.

• ಸೆಕ್ಷನ್ 4: ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ. ಸೆಕ್ಷನ್ 5: ಜಾಹೀರಾತು, ಪ್ರಾಯೋಜಕತ್ವ ನಿಷೇಧ. ಸೆಕ್ಷನ್ 6: ಯಾರಿಗೆ, ಎಲ್ಲಿ ಮಾರಬಾರದು. ಸೆಕ್ಷನ್ 7: ಪ್ಯಾಕಿನ ಮೇಲಿನ ಎಚ್ಚರಿಕೆ.

• ಕರ್ನಾಟಕ ತಿದ್ದುಪಡಿ ಕಾಯ್ದೆ, 2024: ವಿಧಾನಸಭೆಯ ಒಪ್ಪಿಗೆ 2024ರ ಫೆಬ್ರುವರಿ, ರಾಷ್ಟ್ರಪತಿಗಳ ಅಂಕಿತ 2025ರ ಮೇ 23, ರಾಜ್ಯಪತ್ರದಲ್ಲಿ ಪ್ರಕಟಣೆ 2025ರ ಮೇ 30. ಪ್ರಕಟವಾದ ಮರುದಿನವೇ ವಿಶ್ವ ತಂಬಾಕು ರಹಿತ ದಿನವಾದ ಮೇ 31.

• ಈಗ ಕರ್ನಾಟಕದಲ್ಲಿ ತಂಬಾಕು ಕೊಳ್ಳಲು ಕನಿಷ್ಠ ವಯಸ್ಸು 21. ಮೊದಲು 18 ಇತ್ತು.

• ಶಿಕ್ಷಣ ಸಂಸ್ಥೆಯಿಂದ 100 ಮೀಟರ್ ಒಳಗೆ ಮಾರಾಟ ಇಲ್ಲ. ಮೂಲ ಕಾಯ್ದೆಯಲ್ಲಿ ಇದು 100 ಗಜ, ಎಂದರೆ 91.44 ಮೀಟರ್.

• ಬಿಡಿ ಸಿಗರೇಟು ಮಾರುವಂತಿಲ್ಲ.

• ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಮತ್ತು ಸೆಕ್ಷನ್ 6 ಮೀರಿ ಮಾರಿದರೆ ದಂಡ 200 ರೂಪಾಯಿಯಿಂದ 1,000 ರೂಪಾಯಿವರೆಗೆ ಏರಿದೆ.

• ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50,000ದಿಂದ 1 ಲಕ್ಷ ರೂಪಾಯಿ ದಂಡ.

ಕೇಂದ್ರದ ಕಾಯ್ದೆಯನ್ನು ರಾಜ್ಯ ಬದಲಿಸಿದ್ದು ಹೇಗೆ?

ಮುಖ್ಯ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರಬಹುದಾದ ಪ್ರಶ್ನೆ ಇದು. ಕೋಟ್ಪಾದ ಸೆಕ್ಷನ್ 2ರಲ್ಲಿ ಸಂಸತ್ತು ತಂಬಾಕು ಉದ್ಯಮವನ್ನು ಸಾರ್ವಜನಿಕ ಹಿತಕ್ಕಾಗಿ ಕೇಂದ್ರದ ಹತೋಟಿಗೆ ತಂದಿದೆ. ಇನ್ನೊಂದು ಕಡೆ ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ 6ನೇ ಬಾಬತ್ತು. ರಾಜ್ಯದ ಕಾನೂನು ಕೇಂದ್ರದ ಕಾನೂನಿಗಿಂತ ಬೇರೆಯಾದಾಗ ಯಾವುದು ನಿಲ್ಲಬೇಕು ಎಂಬ ತೊಡಕು ಬರುತ್ತದೆ. ಅನುಚ್ಛೇದ 254(2)ರ ಪ್ರಕಾರ ರಾಷ್ಟ್ರಪತಿಗಳ ಅಂಕಿತ ಪಡೆದ ರಾಜ್ಯದ ಕಾನೂನು ಆ ರಾಜ್ಯದ ಗಡಿಯೊಳಗೆ ಊರ್ಜಿತವಾಗುತ್ತದೆ. ವಿಧಾನಮಂಡಲ ಒಪ್ಪಿಕೊಟ್ಟ ಮಸೂದೆ ರಾಜ್ಯಪತ್ರದಲ್ಲಿ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದು ಆ ಅಂಕಿತಕ್ಕಾಗಿ.

ರಾಯಚೂರು ಜಿಲ್ಲೆಯವರು ಒಂದು ಮಾತು ಸೇರಿಸಿಕೊಳ್ಳಬೇಕು. ನಮ್ಮ ಜಿಲ್ಲೆಗೆ ತೆಲಂಗಾಣ, ಆಂಧ್ರಗಳ ಗಡಿ ತಾಗಿದೆ. 21 ವರ್ಷ, 100 ಮೀಟರ್, 1,000 ರೂಪಾಯಿ ಎಂಬ ಅಂಕಿಗಳು ಕರ್ನಾಟಕದ ತಿದ್ದುಪಡಿಯವು, ಗಡಿ ದಾಟಿದರೆ ಅವು ಅನ್ವಯಿಸುವುದಿಲ್ಲ. ‘ಕೋಟ್ಪಾ 2003ರ ಪ್ರಕಾರ’ ಎಂದು ಪ್ರಶ್ನೆ ಕೇಳಿದರೆ 18 ವರ್ಷ, 100 ಗಜ, 200 ರೂಪಾಯಿ ಬರೆಯಿರಿ. ‘ಕರ್ನಾಟಕದಲ್ಲಿ ಈಗ’ ಎಂದು ಕೇಳಿದರೆ ಹೊಸ ಅಂಕಿ. ಪ್ರಶ್ನೆಯ ಮೊದಲ ಸಾಲನ್ನು ನಿಧಾನವಾಗಿ ಓದಿ.

ನೂರು ಮೀಟರ್ ಎಂದರೆ ಎಷ್ಟು ಜಾಗ?

ದೂರವನ್ನು ಶಾಲೆಯ ಗೇಟಿನಿಂದ ರಸ್ತೆಗುಂಟ ನಡೆದು ಅಳೆಯುವುದಿಲ್ಲ. ಕಾಂಪೌಂಡ್ ಗೋಡೆ ಅಥವಾ ಬೇಲಿಯ ಹೊರ ಅಂಚಿನಿಂದ ಎಲ್ಲ ದಿಕ್ಕಿಗೂ ನೇರವಾಗಿ ಅಳೆಯಬೇಕು ಎಂದು ನಿಯಮ ಹೇಳುತ್ತದೆ. ಹಾಗಾಗಿ ಶಾಲೆಯ ಹಿಂದಿನ ಓಣಿಯಲ್ಲಿರುವ ಡಬ್ಬಾ ಅಂಗಡಿಗೆ ಸುತ್ತಿ ಹೋಗಲು 300 ಮೀಟರ್ ಆದರೂ, ಗೋಡೆಯಿಂದ ನೇರಕ್ಕೆ 40 ಮೀಟರ್ ಇದ್ದರೆ ಅದು ನಿಷೇಧಿತ ವಲಯದೊಳಗೇ ಬರುತ್ತದೆ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಅಂಗಡಿಯವರು ಗೇಟಿನ ಲೆಕ್ಕ ಹೇಳುತ್ತಾರೆ, ಅಧಿಕಾರಿ ಗೋಡೆಯ ಲೆಕ್ಕ ಹೇಳಬೇಕಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಉದ್ದ 60 ಮೀಟರ್, ಅಗಲ 60 ಮೀಟರ್ ಇರುವ ಒಂದು ಪ್ರೌಢಶಾಲೆಯ ಆವರಣ ಎಂದಿಟ್ಟುಕೊಳ್ಳಿ. ನಾಲ್ಕೂ ಬದಿಗೆ 100 ಮೀಟರ್ ಅಗಲದ ಪಟ್ಟಿ, ನಾಲ್ಕು ಮೂಲೆಗಳಲ್ಲಿ ಕಾಲು ವೃತ್ತಗಳು. ಪಟ್ಟಿಗಳಿಂದ 24,000 ಚದರ ಮೀಟರ್, ಮೂಲೆಗಳಿಂದ ಸುಮಾರು 31,416 ಚದರ ಮೀಟರ್, ಒಟ್ಟು ಸುಮಾರು 55,400 ಚದರ ಮೀಟರ್. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಹದಿಮೂರೂವರೆ ಎಕರೆಗೂ ಹೆಚ್ಚು. ಒಂದೇ ಶಾಲೆಯ ಸುತ್ತ ಇಷ್ಟು ಜಾಗ. ಶಾಲೆ, ಪಿಯು ಕಾಲೇಜು, ಪದವಿ ಕಾಲೇಜು, ಐಟಿಐ ಅಕ್ಕಪಕ್ಕದಲ್ಲೇ ಇರುವ ತಾಲ್ಲೂಕು ಕೇಂದ್ರದಲ್ಲಿ ಈ ವಲಯಗಳು ಒಂದರ ಮೇಲೊಂದು ಬಿದ್ದು ಬಸ್ ನಿಲ್ದಾಣ, ಸಂತೆ, ಮುಖ್ಯ ಬಜಾರಿನ ದೊಡ್ಡ ಭಾಗವನ್ನೇ ಆವರಿಸಬಹುದು. ನಕ್ಷೆ ಹಿಡಿದು ಗುರುತು ಮಾಡದೆ, ಕಣ್ಣಳತೆಯಲ್ಲಿ ಈ ನಿಯಮ ಜಾರಿ ಮಾಡಲು ಸಾಧ್ಯವೇ ಇಲ್ಲ ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕದಿಂದಾಗಿಯೇ.

ಶಿಕ್ಷಣ ಸಂಸ್ಥೆ ಎಂದರೆ ಯಾವುದು? ನಿರ್ದಿಷ್ಟ ಪಠ್ಯಕ್ರಮದ ಪ್ರಕಾರ ಪಾಠ ಹೇಳುವ ಜಾಗ. ಸೂಕ್ತ ಪ್ರಾಧಿಕಾರ ಸ್ಥಾಪಿಸಿದ ಅಥವಾ ಮಾನ್ಯ ಮಾಡಿದ ಶಾಲೆ, ಕಾಲೇಜು, ಉನ್ನತ ಶಿಕ್ಷಣ ಸಂಸ್ಥೆ ಎಲ್ಲವೂ ಇದರಲ್ಲಿ ಸೇರುತ್ತವೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲ.

ಶಾಲೆಯ ಕಡೆಯಿಂದಲೂ ಆಗಬೇಕಾದ ಕೆಲಸವಿದೆ. ಈ ದೂರದೊಳಗೆ ತಂಬಾಕು ಮಾರಾಟ ಅಪರಾಧ ಎಂಬ ಫಲಕವನ್ನು ಎದ್ದು ಕಾಣುವ ಕಡೆ ಹಾಕಬೇಕು. ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳ ಕುರಿತ ಕೇಂದ್ರದ ಮಾರ್ಗಸೂಚಿ ಮೊದಲು 2008ರಲ್ಲಿ ಬಂತು, 2019ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ 9 ಮಾನದಂಡಗಳಿವೆ, ನಿಷೇಧಿತ ವಲಯವನ್ನು ರಸ್ತೆಯ ಮೇಲೆ ಗುರುತಿಸುವುದೂ ಒಂದು. ಹಾಗೆ ಹಳದಿ ಗೆರೆ ಎಳೆದು ಗುರುತಿಸಿದ ಕಡೆ ವಾದವೇ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಏನಿರಬೇಕು, ಏನಿರಬಾರದು

ತಂಬಾಕು ಮಾರುವ ಅಂಗಡಿಯಲ್ಲಿ ಅಪ್ರಾಪ್ತರಿಗೆ ಮಾರುವುದು ಶಿಕ್ಷಾರ್ಹ ಎಂಬ ಫಲಕ ಇರಬೇಕು. ಕನಿಷ್ಠ ಅಳತೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಮಕ್ಕಳ ಕೈಗೆ ಸುಲಭವಾಗಿ ಎಟಕುವಂತೆ ತಂಬಾಕಿನ ಪೊಟ್ಟಣ ಇಡುವಂತಿಲ್ಲ. ಯಂತ್ರದ ಮೂಲಕ ಮಾರುವಂತಿಲ್ಲ. ಅಪ್ರಾಪ್ತರನ್ನು ಮಾರಲು ಕೂಡಿಸುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ಪಾನ್ ಅಂಗಡಿಯಲ್ಲಿ ಕೂಡುವ ಹುಡುಗನ ವಿಷಯದಲ್ಲೂ ಈ ನಿಯಮ ಹಾಗೆಯೇ ಅನ್ವಯಿಸುತ್ತದೆ. ಕೊಳ್ಳುವವರ ವಯಸ್ಸಿನ ಬಗ್ಗೆ ಅನುಮಾನ ಬಂದರೆ ದಾಖಲೆ ಕೇಳಿ ಖಾತರಿ ಮಾಡಿಕೊಳ್ಳುವುದು ಮಾರುವವರ ಹೊಣೆ.

ಬಿಡಿ ಮಾರಾಟದ ಮೇಲೆ ಕರ್ನಾಟಕ 2017ರಲ್ಲೇ ಆದೇಶ ಹೊರಡಿಸಿತ್ತು. ಪ್ಯಾಕಿನ ಮೇಲಿನ 85 ಶೇಕಡಾ ಚಿತ್ರಸಹಿತ ಎಚ್ಚರಿಕೆ ಒಂದೊಂದೇ ಸಿಗರೇಟು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ ಎಂಬುದು ಒಂದು ಕಾರಣ. ಪೂರ್ತಿ ಪ್ಯಾಕ್ ಕೊಳ್ಳುವಷ್ಟು ದುಡ್ಡು ವಿದ್ಯಾರ್ಥಿಗಳ ಬಳಿ ಇರುವುದಿಲ್ಲ, ಆದರೆ ಒಂದು ಸಿಗರೇಟಿಗೆ ಇರುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. 2025ರಲ್ಲಿ ಅದು ಕಾಯ್ದೆಯೊಳಗೇ ಬಂದಿದೆ.

ಇನ್ನು ಗುಟ್ಕಾ. ಇದಕ್ಕೆ ಅನ್ವಯಿಸುವುದು ಬೇರೆ ಕಾನೂನು, ಅಭ್ಯರ್ಥಿಗಳು ಹೆಚ್ಚು ಗೊಂದಲ ಮಾಡಿಕೊಳ್ಳುವುದೂ ಇಲ್ಲಿಯೇ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿ 2011ರಲ್ಲಿ ಬಂದ ನಿಬಂಧನೆ 2.3.4ರ ಪ್ರಕಾರ ಯಾವುದೇ ಆಹಾರ ಪದಾರ್ಥದಲ್ಲಿ ತಂಬಾಕು ಅಥವಾ ನಿಕೋಟಿನ್ ಬೆರೆಸುವಂತಿಲ್ಲ. ಮಧ್ಯಪ್ರದೇಶ 2012ರಲ್ಲಿ ಮೊದಲು ಗುಟ್ಕಾ ನಿಷೇಧಿಸಿತು, ಕರ್ನಾಟಕ 2013ರ ಮೇ ಕೊನೆಯಲ್ಲಿ. ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಜೋಡಿ ಪೊಟ್ಟಣಗಳು ಬಂದವು, ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಗುಟ್ಕಾ ಹೆಸರು ಹೋಯಿತು, ಚಟ ಉಳಿಯಿತು. ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು: 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸೇದುವವರು 8.8%, ಹೊಗೆರಹಿತ ತಂಬಾಕು ಬಳಸುವವರು 16.3%, ಒಟ್ಟು 22.8%. ಎರಡನ್ನೂ ಬಳಸುವವರು ಇರುವುದರಿಂದ ಮೊದಲ ಎರಡು ಅಂಕಿ ಕೂಡಿಸಿದರೆ ಒಟ್ಟು ಮೊತ್ತಕ್ಕಿಂತ ಹೆಚ್ಚಾಗುತ್ತದೆ. ಅದೇ ಸಮೀಕ್ಷೆಯಲ್ಲಿ ದೇಶದ ಒಟ್ಟು 28.6%. ಹಿಂದಿನ, ಎಂದರೆ 2009-10ರ ಸುತ್ತಿನಲ್ಲಿ ಕರ್ನಾಟಕ 28.2%, ಭಾರತ 34.6%.

ಇ-ಸಿಗರೇಟು ಬೇರೆ ಮಾತು. ಅದಕ್ಕೆ ಪರವಾನಗಿಯ ಪ್ರಶ್ನೆಯೇ ಇಲ್ಲ, 2019ರ ಕೇಂದ್ರ ಕಾಯ್ದೆಯಿಂದ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಪರವಾನಗಿ: ಈ ವಿಷಯದ ತಿರುಳು

ಅಕ್ಕಿ ಗಿರಣಿಗೆ, ಹೋಟೆಲಿಗೆ, ಔಷಧ ಅಂಗಡಿಗೆ, ಮದ್ಯದಂಗಡಿಗೆ ಒಂದಲ್ಲ ಒಂದು ಪರವಾನಗಿ ಬೇಕು. ವರ್ಷಕ್ಕೆ ಸುಮಾರು 13.5 ಲಕ್ಷ ಭಾರತೀಯರ ಸಾವಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ತಂಬಾಕನ್ನು ಚಿಲ್ಲರೆಯಾಗಿ ಮಾರಲು ಕೋಟ್ಪಾದಲ್ಲಿ ಪ್ರತ್ಯೇಕ ಪರವಾನಗಿಯ ವ್ಯವಸ್ಥೆ ಇಲ್ಲ. ಇದು ಆ ಕಾಯ್ದೆಯ ಅತಿ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಯಾರು ಎಲ್ಲಿ ಮಾರುತ್ತಿದ್ದಾರೆ ಎಂಬ ಪಟ್ಟಿಯೇ ಇಲ್ಲದಿದ್ದರೆ ವಯಸ್ಸಿನ ಮಿತಿ, ದೂರದ ಮಿತಿ ಎರಡನ್ನೂ ಕಾಯುವುದು ಹೇಗೆ? ದಾಳಿ ನಡೆದ ದಿನ ದಂಡ ಕಟ್ಟಿದ ಅಂಗಡಿ ಮರುದಿನ ಅದೇ ಜಾಗದಲ್ಲಿ ಬಾಗಿಲು ತೆರೆಯುತ್ತದೆ. ಪರವಾನಗಿ ಇದ್ದರೆ ಅದನ್ನು ಅಮಾನತು ಮಾಡಬಹುದು, ರದ್ದು ಮಾಡಬಹುದು, ನವೀಕರಣ ನಿರಾಕರಿಸಬಹುದು. 1,000 ರೂಪಾಯಿ ದಂಡಕ್ಕಿಂತ ಅಂಗಡಿಯವರಿಗೆ ಇದರ ಭಯ ಹೆಚ್ಚು.

ಈ ಕೊರತೆ ತುಂಬಲು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯ 2017ರ ಸೆಪ್ಟೆಂಬರ್ 21ರಂದು ಎಲ್ಲ ರಾಜ್ಯಗಳಿಗೆ ಪತ್ರ ಬರೆಯಿತು. ಅದರ ಎರಡು ಅಂಶಗಳನ್ನು ಕಡ್ಡಾಯವಾಗಿ ನೆನಪಿಡಿ. ಒಂದು, ತಂಬಾಕು ಮಾರುವ ಚಿಲ್ಲರೆ ಅಂಗಡಿಗಳಿಗೆ ಸ್ಥಳೀಯ ಪೌರ ಸಂಸ್ಥೆಗಳ ಮೂಲಕ ಅನುಮತಿ ಕೊಡುವ ವ್ಯವಸ್ಥೆ ರೂಪಿಸಬೇಕು. ಎರಡು, ಹಾಗೆ ಅನುಮತಿ ಪಡೆದ ಅಂಗಡಿಯಲ್ಲಿ ಚಾಕೊಲೇಟ್, ಪೆಪ್ಪರ್‌ಮೆಂಟ್, ಚಿಪ್ಸ್, ಬಿಸ್ಕತ್ತು, ತಂಪು ಪಾನೀಯಗಳಂಥ ಮಕ್ಕಳು ಕೊಳ್ಳುವ ಪದಾರ್ಥ ಮಾರುವಂತಿಲ್ಲ. ಎರಡನೆಯ ಷರತ್ತಿನ ಉದ್ದೇಶ ಸ್ಪಷ್ಟ: ಐದು ರೂಪಾಯಿ ಚಿಪ್ಸಿಗೆ ಬಂದ ಮಗುವಿನ ಕಣ್ಣ ಮುಂದೆ ತಂಬಾಕಿನ ಸರ ತೂಗಬಾರದು. ಈ ಪತ್ರ ಸಲಹೆ ಮಾತ್ರ, ಶಾಸನವಲ್ಲ. ರಾಜ್ಯ ಅಥವಾ ಪೌರ ಸಂಸ್ಥೆ ತನ್ನ ಕಾನೂನಿನ ಮೂಲಕ ಒಪ್ಪಿಕೊಂಡಾಗಲೇ ಅದಕ್ಕೆ ಬಲ.

ಹಿಮಾಚಲ ಪ್ರದೇಶ ಅದಕ್ಕೂ ಮೊದಲೇ, 2016ರಲ್ಲಿ, ಬಿಡಿ ಸಿಗರೇಟು, ಬೀಡಿ ಮಾರಾಟ ನಿಷೇಧಿಸಿ ಚಿಲ್ಲರೆ ತಂಬಾಕು ವ್ಯಾಪಾರವನ್ನು ನಿಯಂತ್ರಿಸುವ ತನ್ನದೇ ಕಾಯ್ದೆ ಮಾಡಿತು. ಉತ್ತರ ಪ್ರದೇಶದ ಲಖನೌ ನಗರ ಪಾಲಿಕೆ 2021ರಲ್ಲಿ ಪರವಾನಗಿ ಕಡ್ಡಾಯ ಮಾಡಿತು. ಒಂದು ಕಡೆ ರಾಜ್ಯದ ಶಾಸನ, ಇನ್ನೊಂದು ಕಡೆ ಪಾಲಿಕೆಯ ನಿಯಮ: ಎರಡು ದಾರಿಗೂ ಒಂದೊಂದು ಉದಾಹರಣೆ ಉತ್ತರದಲ್ಲಿ ಬರೆದರೆ ಅಂಕ ಹೆಚ್ಚು.

ನಮ್ಮ ಮೂರು ಊರುಗಳ ಲೆಕ್ಕ

ಸಿಂಧನೂರಿನಲ್ಲಿ ನಗರಸಭೆ ಇದೆ, ಮುಖ್ಯಸ್ಥರು ಪೌರಾಯುಕ್ತರು. ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಪುರಸಭೆ, ಅಲ್ಲಿ ಮುಖ್ಯಾಧಿಕಾರಿ. ಮೂರಕ್ಕೂ ಅನ್ವಯಿಸುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಜನಸಂಖ್ಯೆ 20,000ದಿಂದ 50,000ದ ಒಳಗಿದ್ದರೆ ಪುರಸಭೆ, 50,000ದಿಂದ 3 ಲಕ್ಷದ ಒಳಗಿದ್ದರೆ ನಗರಸಭೆ ಎಂಬುದು ಸಾಮಾನ್ಯ ಅಳತೆ. ಲಿಂಗಸುಗೂರಿನಲ್ಲಿ ಸಹಾಯಕ ಆಯುಕ್ತರ ಕಚೇರಿ ಇದೆ. ಮಸ್ಕಿ ತಾಲ್ಲೂಕು ಹೊಸದು, ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ಮಾಡಿದ್ದು.

ಪೌರ ಸಂಸ್ಥೆಗೆ ಅಧಿಕಾರ ಎಲ್ಲಿಂದ ಬಂತು? 74ನೇ ತಿದ್ದುಪಡಿ (ಜಾರಿ 1993ರ ಜೂನ್ 1), ಅನುಚ್ಛೇದ 243-ಡಬ್ಲ್ಯೂ, 12ನೇ ಅನುಸೂಚಿ. ಅದರಲ್ಲಿರುವ 18 ವಿಷಯಗಳಲ್ಲಿ 6ನೆಯದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ. ಹಳ್ಳಿಗಳಿಗೆ 73ನೇ ತಿದ್ದುಪಡಿ (ಜಾರಿ 1993ರ ಏಪ್ರಿಲ್ 24), ಅನುಚ್ಛೇದ 243-ಜಿ, 11ನೇ ಅನುಸೂಚಿ. ಅಲ್ಲಿನ 29 ವಿಷಯಗಳಲ್ಲಿ 23ನೆಯದು ಆರೋಗ್ಯ ಮತ್ತು ನೈರ್ಮಲ್ಯ. ಪಿಡಿಒ ಪರೀಕ್ಷೆಗೆ ಓದುವವರು ಇವೆರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಉಪವಿಧಿ, ನಮ್ಮ ಕಡೆ ಹೇಳುವ ಹಾಗೆ ಬೈಲಾ, ಆಗುವುದು ಹೀಗೆ: ಕೌನ್ಸಿಲ್ ಸಭೆಯಲ್ಲಿ ಕರಡು ಮಂಡನೆ, ಆಕ್ಷೇಪಣೆ ಕರೆದು ಪ್ರಕಟಣೆ, ಬಂದ ಆಕ್ಷೇಪಣೆಗಳ ಪರಿಶೀಲನೆ, ಸರ್ಕಾರದ ಮಂಜೂರಾತಿ, ರಾಜ್ಯಪತ್ರ. ಈಗಾಗಲೇ ಇರುವ ಉದ್ದಿಮೆ ಪರವಾನಗಿಯ ಷರತ್ತಿನಲ್ಲಿ ಕೋಟ್ಪಾ ಪಾಲನೆ ಸೇರಿಸುವುದು ಇನ್ನೊಂದು ದಾರಿ. ಆದರೆ ತಳ್ಳುಬಂಡಿ, ಡಬ್ಬಾ ಅಂಗಡಿಗಳಲ್ಲಿ ಹೆಚ್ಚಿನವು ಉದ್ದಿಮೆ ಪರವಾನಗಿಯ ಪುಸ್ತಕಕ್ಕೆ ಸಿಗುವುದಿಲ್ಲ, ತಂಬಾಕು ಹೆಚ್ಚು ಬಿಕರಿಯಾಗುವುದು ಅಲ್ಲೇ. ಹಾಗಾಗಿ ತಂಬಾಕಿಗೇ ಪ್ರತ್ಯೇಕ ಬೈಲಾ ಮಾಡುವುದು ಗಟ್ಟಿಯಾದ ದಾರಿ.

ಊರಿನ ಸ್ವರೂಪ ನೋಡಿ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಭತ್ತದ ಊರು. ಸುಗ್ಗಿಯಲ್ಲಿ ಅಕ್ಕಿ ಗಿರಣಿ, ಲಾರಿ ನಿಲ್ದಾಣ, ಎಪಿಎಂಸಿ ಸುತ್ತ ಹಮಾಲರು, ಚಾಲಕರು, ಕೂಲಿಕಾರರು ತುಂಬಿರುತ್ತಾರೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ, ಪಾಳಿಯ ಕೆಲಸ, ದಣಿವು ಇವೆಲ್ಲ ತಂಬಾಕಿಗೆ ಹತ್ತಿರದ ದಾರಿ. ಅಶೋಕನ ಹೆಸರಿದ್ದ ಶಾಸನ 1915ರಲ್ಲಿ ಸಿಕ್ಕ ಮಸ್ಕಿ ಈಗ ಹೆದ್ದಾರಿ ಬದಿಯ ವ್ಯಾಪಾರದ ಪೇಟೆ. ಮೂರೂ ಕಡೆ ದುಡಿಯುವವರ ನಿತ್ಯದ ಗಿರಾಕಿಯೇ ಅಂಗಡಿಯ ಆಧಾರ, ಆದರೆ ಅದೇ ಅಂಗಡಿಯ ಮುಂದೆ ಶಾಲೆಯ ಮಕ್ಕಳೂ ಹಾದುಹೋಗುತ್ತಾರೆ. ಒಂದೇ ನಿಯಮವನ್ನು ಮೂರೂ ಊರಿಗೆ ಅಚ್ಚು ಹೊಡೆದಂತೆ ಹಾಕುವುದಕ್ಕಿಂತ, ಆಯಾ ಊರಿನ ಶಾಲೆಗಳ ನಕ್ಷೆ ಮೊದಲು ಮಾಡಿ, ವಲಯದ ಹೊರಗೆ ಎಷ್ಟು ಅಂಗಡಿ ಇರಬಹುದು ಎಂದು ಕೌನ್ಸಿಲ್ ತೀರ್ಮಾನಿಸುವುದು ಸರಿ.

ಇಲ್ಲೊಂದು ಇತಿಹಾಸದ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು ಮೊದಲು ಒಯ್ದದ್ದು ಬಿಜಾಪುರದಿಂದ. 1604-05ರ ಸುಮಾರಿಗೆ ಆದಿಲಶಾಹಿ ರಾಜಧಾನಿಗೆ ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್ ಅದನ್ನು ಕಂಡು, ಕೊಂಡು ಹೋದ. ಮುದಗಲ್ ಸೇರಿ ಈ ರಾಯಚೂರು ದೋಆಬ್ ಆಗ ಬಿಜಾಪುರದ ಕೈಯಲ್ಲೇ ಇತ್ತು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ, ನಿಷೇಧ ಹೆಚ್ಚು ದಿನ ನಿಲ್ಲಲಿಲ್ಲ.

ಬೀದಿ ವ್ಯಾಪಾರಿಯ ಹೊಟ್ಟೆಪಾಡು

ಪರವಾನಗಿ ನಿಯಮಕ್ಕೆ ಬರುವ ಗಟ್ಟಿ ಆಕ್ಷೇಪಣೆ ಜೀವನೋಪಾಯದ್ದು. ಅದನ್ನು ತಳ್ಳಿಹಾಕುವಂತಿಲ್ಲ. ಡಬ್ಬಾ ಅಂಗಡಿ ನಡೆಸುವವರಲ್ಲಿ ವಿಧವೆಯರು, ಅಂಗವಿಕಲರು, ಹೊಲ ಇಲ್ಲದವರು ಇದ್ದಾರೆ. ಅನುಚ್ಛೇದ 19(1)(ಜಿ) ವ್ಯಾಪಾರದ ಹಕ್ಕು ಕೊಡುತ್ತದೆ, 19(6) ಸಾರ್ವಜನಿಕ ಹಿತಕ್ಕಾಗಿ ಅದರ ಮೇಲೆ ಸಮಂಜಸ ನಿರ್ಬಂಧ ಹಾಕಲು ಬಿಡುತ್ತದೆ. ಅನುಚ್ಛೇದ 47 ಸಾರ್ವಜನಿಕ ಆರೋಗ್ಯ ಸುಧಾರಿಸುವುದನ್ನು ರಾಜ್ಯದ ಕರ್ತವ್ಯ ಮಾಡಿದೆ. ಹುಕ್ಕಾ ನಿಷೇಧದ ಅಧಿಸೂಚನೆಯನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಎತ್ತಿಹಿಡಿದದ್ದು ಈ ಚರ್ಚೆಗೆ ಹತ್ತಿರದ ತೀರ್ಪು.

ಇಲ್ಲಿ ಬೀದಿ ಬದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಕಾಯ್ದೆ, 2014 ಬಹಳ ಮುಖ್ಯ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ. ವಾರ್ಡ್, ವಲಯ ಅಥವಾ ಪಟ್ಟಣದ ಜನಸಂಖ್ಯೆಯ 2.5% ಮೀರದಷ್ಟು ವ್ಯಾಪಾರಿಗಳಿಗೆ ಜಾಗ. ತಂಬಾಕಿನ ಬೈಲಾ ಮಾಡುವಾಗ ಈ ಸಮಿತಿಯನ್ನು ಬದಿಗಿಟ್ಟರೆ ಬೈಲಾ ಕಾಗದದಲ್ಲೇ ಉಳಿಯುತ್ತದೆ. ಶಾಲೆಯ ಹತ್ತಿರ ಇರುವ ಬಡ ವ್ಯಾಪಾರಿಗೆ ತಂಬಾಕು ಬಿಟ್ಟು ಹಣ್ಣು, ಚಹಾ, ಸ್ಟೇಷನರಿ ಮಾರಲು ಸಮಯ ಮತ್ತು ಸಾಲದ ನೆರವು ಕೊಡಬೇಕು. ಅಂಗಡಿ ಅದೇ ಜಾಗದಲ್ಲಿ ಇರಲಿ, ಅದರಲ್ಲಿ ತಂಬಾಕು ಮಾತ್ರ ಇರದಿರಲಿ. ನಿಷೇಧಿತ ವಲಯದ ಬಗ್ಗೆ ಇದಕ್ಕಿಂತ ನ್ಯಾಯವಾದ ದಾರಿ ನನಗೆ ಕಾಣುವುದಿಲ್ಲ.

‘ಪರವಾನಗಿ ಕೊಟ್ಟರೆ ತಂಬಾಕು ಮಾರಾಟಕ್ಕೆ ಸರ್ಕಾರವೇ ಮುದ್ರೆ ಒತ್ತಿದಂತಲ್ಲವೇ’ ಎಂದು ಕೇಳುವವರಿದ್ದಾರೆ. ಮಾರಾಟ ಈಗಲೂ ಕಾನೂನುಬದ್ಧವೇ, ಲೆಕ್ಕಕ್ಕೆ ಸಿಗುತ್ತಿಲ್ಲ ಅಷ್ಟೇ. ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿ, ಹಳೆಯದನ್ನು ಬೇರೆಯವರಿಗೆ ವರ್ಗಾಯಿಸಲು ಬಿಡದಿದ್ದರೆ ವರ್ಷದಿಂದ ವರ್ಷಕ್ಕೆ ಅಂಗಡಿಗಳ ಸಂಖ್ಯೆ ಇಳಿಯುತ್ತದೆ. ಪರವಾನಗಿ ಇಲ್ಲದೆ ಇದನ್ನು ಮಾಡಲು ದಾರಿಯೇ ಇಲ್ಲ.

ಹೊರಗಿನ ದೇಶಗಳು ಮಾಡಿದ್ದು

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರ 2014ರಲ್ಲಿ ಪ್ರತಿ ಜಿಲ್ಲೆಗೆ 45 ಪರವಾನಗಿಗಳ ಮಿತಿ ಹಾಕಿತು, ಶಾಲೆಯಿಂದ 500 ಅಡಿ ಒಳಗೆ ಹೊಸ ಪರವಾನಗಿ ಇಲ್ಲ ಎಂದಿತು. ಹಂಗೆರಿ 2013ರಲ್ಲಿ ಸರ್ಕಾರದ ಅನುಮತಿ ಪಡೆದ ಪ್ರತ್ಯೇಕ ತಂಬಾಕು ಅಂಗಡಿಗಳಿಗೆ ಮಾತ್ರ ಮಾರಾಟ ಸೀಮಿತಗೊಳಿಸಿ ಅಂಗಡಿಗಳ ಸಂಖ್ಯೆಯನ್ನು ಭಾರಿಯಾಗಿ ಇಳಿಸಿತು. ನ್ಯೂಜಿಲೆಂಡ್ 2022ರಲ್ಲಿ ಸುಮಾರು 6,000 ಅಂಗಡಿಗಳನ್ನು 600ಕ್ಕೆ ಇಳಿಸುವ ಕಾನೂನು ಮಾಡಿತು, ಸರ್ಕಾರ ಬದಲಾದ ಮೇಲೆ 2024ರಲ್ಲಿ ರದ್ದು ಮಾಡಿತು. ಸಿಂಗಪುರದಲ್ಲಿ ಚಿಲ್ಲರೆ ಮಾರಾಟಕ್ಕೆ ಪರವಾನಗಿ ಕಡ್ಡಾಯ, 2021ರಿಂದ ವಯಸ್ಸಿನ ಮಿತಿ 21. ಶ್ರೀಲಂಕಾ 21ರ ಮಿತಿಯನ್ನು 2006ರಲ್ಲೇ ತಂದಿದೆ.

ಅಂತರರಾಷ್ಟ್ರೀಯ ಒಪ್ಪಂದದ ಹೆಸರು ತಂಬಾಕು ನಿಯಂತ್ರಣ ಚೌಕಟ್ಟು ಒಡಂಬಡಿಕೆ. ಅಂಗೀಕಾರ 2003ರ ಮೇ 21, ಜಾರಿ 2005ರ ಫೆಬ್ರುವರಿ 27, ಭಾರತದ ದೃಢೀಕರಣ 2004ರ ಫೆಬ್ರುವರಿ 5. ಅಪ್ರಾಪ್ತರಿಗೆ ಮಾರಾಟದ ಬಗ್ಗೆ ಹೇಳುವುದು ಅದರ 16ನೇ ವಿಧಿ. ಆರೋಗ್ಯ ನೀತಿಯನ್ನು ತಂಬಾಕು ಕಂಪನಿಗಳ ಪ್ರಭಾವದಿಂದ ಕಾಪಾಡುವುದು 5.3ನೇ ವಿಧಿ.

ಅಭ್ಯರ್ಥಿಗಳು ತಪ್ಪುವ ಜಾಗಗಳು

18 ವರ್ಷದೊಳಗಿನ ಮಗುವಿಗೆ ತಂಬಾಕು ಕೊಟ್ಟರೆ ದಂಡ ಮಾತ್ರ ಎಂದು ಹಲವರು ಬರೆಯುತ್ತಾರೆ. ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಸೆಕ್ಷನ್ 77ರಲ್ಲಿ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ ಇದೆ. ಈ ಕಾಯ್ದೆಯಲ್ಲಿ ಮಗು ಎಂದರೆ 18 ತುಂಬದವರು. ಹಾಗಾಗಿ 19 ವರ್ಷದ ವಿದ್ಯಾರ್ಥಿಗೆ ಮಾರಿದರೆ ಕರ್ನಾಟಕದ ಕೋಟ್ಪಾ ತಿದ್ದುಪಡಿ ಮಾತ್ರ, 16ರ ಹುಡುಗನಿಗೆ ಮಾರಿದರೆ ಎರಡೂ ಕಾಯ್ದೆ ಅನ್ವಯಿಸುತ್ತವೆ. ನನ್ನ ಮಟ್ಟಿಗೆ ಈ ಇಡೀ ಪಾಠದಲ್ಲಿ ಪ್ರತಿ ಅಂಗಡಿಯವರಿಗೂ ತಿಳಿದಿರಲೇಬೇಕಾದ ಸೆಕ್ಷನ್ ಇದು.

ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧದ ನಿಯಮಗಳು 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ ಜಾರಿಯಾದವು. ಇದೇ ನಿಷೇಧದ ಬಗ್ಗೆ ಮುರಳಿ ದೇವ್ರಾ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶ 2001ರದು, ಎಂದರೆ ಕೋಟ್ಪಾಕ್ಕಿಂತ ಮೊದಲಿನದು. 85% ಎಚ್ಚರಿಕೆ ಚಿತ್ರದ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದು ಮಾಡಿತು, ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಆ ತೀರ್ಪಿಗೆ ತಡೆ ಕೊಟ್ಟಿತು. ಮೂರನ್ನೂ ಕಾಲಾನುಕ್ರಮದಲ್ಲಿ ಜೋಡಿಸಲು ಕೇಳಬಹುದು.

ದಂಡ ಹಾಕುವವರು ಪೊಲೀಸರು ಮಾತ್ರವಲ್ಲ. ಸಬ್‌ಇನ್‌ಸ್ಪೆಕ್ಟರ್ ದರ್ಜೆ ಮತ್ತು ಮೇಲಿನ ಪೊಲೀಸರು, ಆಹಾರ ಮತ್ತು ಔಷಧ ಆಡಳಿತದ ಅಧಿಕಾರಿಗಳು, ಮುಖ್ಯೋಪಾಧ್ಯಾಯರು, ಪ್ರಾಂಶುಪಾಲರು ಸೇರಿದಂತೆ ಅಧಿಸೂಚನೆಯಲ್ಲಿ ಹೆಸರಿಸಿದ ಹಲವರಿಗೆ ಅಧಿಕಾರವಿದೆ. ಜಿಲ್ಲಾ ಮಟ್ಟದಲ್ಲಿ ಎಲ್ಲವನ್ನೂ ಸಮನ್ವಯ ಮಾಡುವುದು ಜಿಲ್ಲಾ ತಂಬಾಕು ನಿಯಂತ್ರಣ ಕೋಶ, 2007-08ರಲ್ಲಿ ಶುರುವಾದ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದ ಭಾಗ. ಕೋಟ್ಪಾದ ಅನುಸೂಚಿಯಲ್ಲಿ 10 ಬಗೆಯ ಉತ್ಪನ್ನಗಳಿವೆ: ಸಿಗರೇಟು, ಸಿಗಾರ್, ಚಿರೂಟು, ಬೀಡಿಯಿಂದ ಹಿಡಿದು ನಶ್ಯ, ಗುಟ್ಕಾ, ತಂಬಾಕು ಬೆರೆತ ಹಲ್ಲುಪುಡಿಯವರೆಗೆ. ಹಲ್ಲುಪುಡಿ ಪಟ್ಟಿಯಲ್ಲಿದೆಯೇ ಎಂಬ ಪ್ರಶ್ನೆಗೆ ಉತ್ತರ ‘ಹೌದು’.

ಓದುವವರಲ್ಲಿ ಒಂದು ಕೋರಿಕೆ. ನಿಮ್ಮ ನಗರಸಭೆ ಅಥವಾ ಪುರಸಭೆ ತಂಬಾಕು ಪರವಾನಗಿಯ ಕರಡು ಪ್ರಕಟಿಸಿ ಆಕ್ಷೇಪಣೆ, ಸಲಹೆ ಕರೆದಾಗ ಒಂದು ಪುಟದ ಸಲಹೆ ಬರೆದು ಕೊಡಿ. ನೀವು ಓದಿದ ಶಾಲೆಯ ಗೋಡೆಯಿಂದ 100 ಮೀಟರ್ ಒಳಗೆ ತಂಬಾಕು ಮಾರುವ ಅಂಗಡಿಗಳು ಎಲ್ಲೆಲ್ಲಿವೆ ಎಂಬ ನಕ್ಷೆಯನ್ನೂ ಅದಕ್ಕೆ ಲಗತ್ತಿಸಿ. ತಂಬಾಕು ಬಿಡಬೇಕು ಎಂದುಕೊಂಡವರು ಮನೆಯಲ್ಲಿದ್ದರೆ ರಾಷ್ಟ್ರೀಯ ಕ್ವಿಟ್‌ಲೈನ್ ಸಂಖ್ಯೆ ಕೊಡಿ: 1800-11-2356. ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಮಾತಾಡಬಹುದು.